ಬುದ್ಧಿಹಲ್ಲಿನ ಸೂಜಿ, ದೊಡ್ಡವ್ವನ ಮೊಣಕಾಲು: ಒಂದು ಸ್ಟೀರಾಯ್ಡ್‌ನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಚಿಕ್ಕದು ಮಾಡಲಾಗಿದೆ.)

ಇವತ್ತಿನ ಇತಿಹಾಸ ಒಂದು ಹಲ್ಲಿನಿಂದ ಶುರುವಾಗುತ್ತೆ. ಹಲ್ಲು ನಂದೇ.

ಹೋದ ವರ್ಷ ನನ್ನ ಕೆಳದವಡೆಯ ಬಲಗಡೆ ಬುದ್ಧಿಹಲ್ಲು ತೊಂದರೆ ಕೊಡೋಕೆ ಶುರು ಮಾಡ್ತು. ಎಕ್ಸ್‌ರೇ ತೆಗೆದ್ರೆ ಹಲ್ಲು ನೆಟ್ಟಗೆ ನಿಂತಿಲ್ಲ, ಎಲುಬಿನೊಳಗೆ ಅಡ್ಡ ಮಲಗಿದೆ. ಗುರುಗುಂಟಾದಿಂದ ಬಸ್ ಹತ್ತಿ ಒಂದು ಡೆಂಟಲ್ ಕಾಲೇಜಿನ ಆಸ್ಪತ್ರೆಗೆ ಹೋದೆ. ಒಸಡು ಕೊಯ್ದು, ಎಲುಬು ಸ್ವಲ್ಪ ಕೊರೆದು, ಹಲ್ಲನ್ನು ಎರಡು ತುಂಡು ಮಾಡಿ ತೆಗೆದ್ರು. ಹೊಲಿಗೆ ಹಾಕಿದ ಮೇಲೆ ಆ ಡಾಕ್ಟರ್ ಮತ್ತೊಂದು ಸಣ್ಣ ಸೂಜಿ ತಗೊಂಡ್ರು. ಜೋಮು ಹಿಡಿಸೋ ಸೂಜಿ ಮೊದಲೇ ಆಗಿತ್ತಲ್ಲ, ಇದೇನು ಅಂತ ಕೈಸನ್ನೆಯಲ್ಲೇ ಕೇಳಿದೆ. 'ಇದು ಬಾವು ಕಮ್ಮಿ ಆಗ್ಲಿ ಅಂತ. ಡೆಕ್ಸಾ. ಸ್ಟೀರಾಯ್ಡ್ ಇದು, ಒಂದೇ ಸಲ, ಹೆದರಬೇಡಿ' ಅಂದ್ರು.

ಮೂರನೇ ದಿನಕ್ಕೆ ನನ್ನ ಗಲ್ಲ ಸ್ವಲ್ಪ ಉಬ್ಬಿತ್ತು, ಅಷ್ಟೆ. ಗಲ್ಲ ಅಂದ್ರೆ ನಮ್ಮ ಕಡೆ ಕೆನ್ನೆ. ಗೆಳೆಯರೆಲ್ಲ 'ಮುಖ ಕುಂಬಳಕಾಯಿ ಆಗುತ್ತೆ' ಅಂತ ಹೆದರಿಸಿದ್ರು, ಹಂಗೇನೂ ಆಗಲಿಲ್ಲ. ನೋಡೋಕೆ ಬಂದ ದೊಡ್ಡವ್ವ ಕೇಳಿದಳು: 'ಗಲ್ಲ ಬಾತೇ ಇಲ್ಲಲ್ಲ ತಮ್ಮಾ, ಏನ್ ಸೂಜಿ ಹಾಕಿದ್ರು?'

'ಡೆಕ್ಸಾ ಅಂತ ದೊಡ್ಡವ್ವ.'

'ಹಾಂ, ಅದಾ! ನನ್ನ ಮೊಣಕಾಲಿಗೆ ಅದನ್ನೇ ಹಾಕ್ತಾರ ನೋಡು. ಹಾಕಿಸಿಕೊಂಡು ಬಂದ ಮರುದಿನ ಹೊಲಕ್ಕ ಹೋಗಿ ಕಳೆ ತೆಗೀತೀನಿ.'

ನಾಲ್ಕು ವರ್ಷದಿಂದ, ತಿಂಗಳಿಗೆ ಎರಡು ಮೂರು ಸಲ. ಯಾರು ಹಾಕ್ತಾರೆ, ಎಲ್ಲಿ ಹಾಕ್ತಾರೆ ಅನ್ನೋದು ಇಲ್ಲಿ ಬೇಡ. ಆದ್ರೆ ಆವತ್ತು ಮೊದಲ ಸಲ ದೊಡ್ಡವ್ವನ ಮುಖ ಸರಿಯಾಗಿ ನೋಡಿದೆ. ಮುಖ ಗುಂಡಗಾಗಿದೆ, ಕೈಕಾಲು ಮಾತ್ರ ಸಣ್ಣಗಾಗಿವೆ. ಮುಂಗೈ ಮೇಲೆ ಸ್ವಲ್ಪ ತಗುಲಿದ್ರೂ ಕಪ್ಪು ಕಲೆ. ಎರಡು ವರ್ಷದಿಂದ ಶುಗರ್. 'ವಯಸ್ಸಾತು, ಬರ್ತದ' ಅಂತ ನಾವೆಲ್ಲ ಸುಮ್ಮನಿದ್ವಿ.

ನನಗೆ ಒಳ್ಳೇದು ಮಾಡಿದ ಸೂಜಿ ಆಕೆಗೆ ಹಿಂಗ್ಯಾಕೆ ಮಾಡ್ತು? ನಾನು ಬಿಕಾಂ ಓದಿದವನು. ಔಷಧ ಗೊತ್ತಿಲ್ಲ, ಲೆಕ್ಕ ಗೊತ್ತು. ಒಂದೇ ಸರಕು, ಎರಡು ಕಡೆ ಎರಡು ಫಲ ಅಂದ್ರೆ ಅದರ ಹಳೇ ಖಾತೆ ತೆಗೆದು ನೋಡಬೇಕು ಅನಿಸ್ತು. ಇವತ್ತು ತೆರೆಯೋದು ಆ ಖಾತೆಯನ್ನೇ.

1948ರ ಆ ವಾರ

1948ರ ಸೆಪ್ಟೆಂಬರ್ 17 ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದ ದಿನ ಅಲ್ಲ. ಹೈದರಾಬಾದ್ ನಿಜಾಮ ಶರಣಾದ ದಿನ ಅದು. ರಾಯಚೂರು, ಲಿಂಗಸುಗೂರು, ಸಿಂಧನೂರು ಎಲ್ಲ ಆಗ ನಿಜಾಮನ ರಾಜ್ಯದೊಳಗೆ. ನಮ್ಮ ಗುರುಗುಂಟಾ ಅಂತೂ ನಿಜಾಮನಿಗೆ ಕಪ್ಪ ಕೊಡ್ತಿದ್ದ ಒಂದು ಚಿಕ್ಕ ಸಂಸ್ಥಾನ. ಆ ವಾರ ಇಲ್ಲಿ ಒಂದು ಯುಗ ಮುಗೀತು.

ಅದಾಗಿ ನಾಲ್ಕೇ ದಿನಕ್ಕೆ, ಸೆಪ್ಟೆಂಬರ್ 21ರಂದು, ಭೂಮಿಯ ಆ ಕಡೆ ಇನ್ನೊಂದು ಯುಗ ಶುರುವಾಯ್ತು. ಅಮೆರಿಕದ ಮಿನ್ನೆಸೋಟಾ ರಾಜ್ಯದ ರಾಚೆಸ್ಟರ್ ಅನ್ನೋ ಊರಲ್ಲಿ ಮೇಯೊ ಕ್ಲಿನಿಕ್ ಇದೆ. ಅಲ್ಲಿ 29 ವರ್ಷದ ಒಬ್ಬ ಹೆಣ್ಣುಮಗಳು ದಾಖಲಾಗಿದ್ದಳು. ಸಂಧಿವಾತ, ಅಂದ್ರೆ ರುಮಟಾಯ್ಡ್ ಆರ್ಥ್ರೈಟಿಸ್. ಕೀಲುಗಳೆಲ್ಲ ಬಾತು, ಹಾಸಿಗೆಯಲ್ಲಿ ಮಗ್ಗಲು ಬದಲಿಸೋದೂ ಕಷ್ಟ. ಆವತ್ತು ಆಕೆಗೆ ಒಂದು ಹೊಸ ಔಷಧದ ಸೂಜಿ ಹಾಕಿದ್ರು. ಎರಡು ಮೂರು ದಿನದಲ್ಲಿ ಮೈ ಬಿಗಿತ ಸಡಿಲ ಆಯ್ತು. ಒಂದು ವಾರಕ್ಕೆ ಆಕೆ ಎದ್ದು ಪೇಟೆಗೆ ಹೋಗಿ ಮೂರು ತಾಸು ಅಂಗಡಿ ಅಂಗಡಿ ಸುತ್ತಿ ಬಂದಳು.

ಆ ಔಷಧದ ಹೆಸರು ಮುಂದೆ ಕಾರ್ಟಿಸೋನ್ ಅಂತ ಆಯ್ತು. ಇವತ್ತಿನ ಡೆಕ್ಸಾ ಅದರ ಮೊಮ್ಮಗ ಅಂದುಕೊಳ್ಳಿ.

ಸೂಜಿ ಹಾಕಿಸಿದ ವೈದ್ಯರು ಫಿಲಿಪ್ ಹೆಂಚ್. ಅವರಿಗೆ ಇದರ ಸುಳಿವು ಸಿಕ್ಕಿದ್ದು 1929ರಲ್ಲಿ. ಸಂಧಿವಾತದ ರೋಗಿಯೊಬ್ಬರಿಗೆ ಕಾಮಾಲೆ ಬಂತು. ಕಾಮಾಲೆ ಬಂದಾಗ ಕೀಲುನೋವು ತಾನಾಗಿ ಕಮ್ಮಿ ಆಯ್ತು. ಬಸುರಿಯರಿಗೂ ಹಂಗೇ ಆಗೋದನ್ನ ಅವರು ಗಮನಿಸಿದ್ರು. ಹಂಗಾದ್ರೆ ದೇಹದೊಳಗೇ ನೋವು, ಬಾವು ಇಳಿಸೋ ಒಂದು ವಸ್ತು ಇದೆ, ಅದ್ಯಾವುದು ಅಂತ ಹುಡುಕಾಟ ಶುರುವಾಯ್ತು. ಅದೇ ಮೇಯೊ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಅನ್ನೋ ರಸಾಯನ ವಿಜ್ಞಾನಿ ಬೇರೆ ಕೆಲಸ ಮಾಡ್ತಿದ್ರು. ನಮ್ಮ ಎರಡೂ ಮೂತ್ರಪಿಂಡಗಳ ಮೇಲೆ ಟೋಪಿ ಹಾಕಿದಂಗೆ ಎರಡು ಪುಟ್ಟ ಗ್ರಂಥಿಗಳಿವೆ, ಅಡ್ರಿನಲ್ ಅಂತ. ಆ ಗ್ರಂಥಿಯಿಂದ ಒಂದೊಂದೇ ವಸ್ತು ಬೇರೆ ಮಾಡಿ ಎ, ಬಿ ಅಂತ ಅಕ್ಷರಗಳ ಹೆಸರಿಡ್ತಿದ್ರು. ಸ್ವಿಟ್ಜರ್ಲೆಂಡ್‌ನಲ್ಲಿ ತಾಡಿಯೂಸ್ ರೈಶ್‌ಸ್ಟೈನ್ ಕೂಡ ಇದೇ ಕೆಲಸದಲ್ಲಿದ್ರು. ಹೆಂಚ್ ಹುಡುಕ್ತಿದ್ದದ್ದು ಕೆಂಡಾಲ್ ಅವರ 'ಕಾಂಪೌಂಡ್ ಇ'.

ಮೊದಲ ಸೂಜಿಯಿಂದ ನೊಬೆಲ್‌ವರೆಗೆ ಬರೀ ಎರಡು ವರ್ಷ. 1950ರಲ್ಲಿ ಈ ಮೂವರಿಗೂ ನೊಬೆಲ್ ಬಂತು. ಔಷಧ ಲೋಕದಲ್ಲಿ ಇಷ್ಟು ಬೇಗ ನೊಬೆಲ್ ಸಿಗೋದು ಅಪರೂಪ. ಪತ್ರಿಕೆಗಳೆಲ್ಲ 'ಪವಾಡ' ಅಂತ ಬರೆದವು.

ಹಟ್ಟಿ ಚಿನ್ನಕ್ಕಿಂತ ತುಟ್ಟಿ

ಈಗ ನನ್ನ ವಿಷಯಕ್ಕೆ ಬರ್ತೀನಿ, ದುಡ್ಡಿಗೆ.

ಶುರುವಿನಲ್ಲಿ ಕಾರ್ಟಿಸೋನ್ ತಯಾರಿಸ್ತಿದ್ದದ್ದು ಮರ್ಕ್ ಕಂಪನಿ. ಕಚ್ಚಾ ಸರಕು ದನದ ಪಿತ್ತ. ಅದರಿಂದ ಕಾರ್ಟಿಸೋನ್ ತನಕ ಬರೋಕೆ ಮೂವತ್ತಕ್ಕೂ ಹೆಚ್ಚು ಹಂತದ ರಸಾಯನ ಕ್ರಿಯೆ. ಒಬ್ಬ ರೋಗಿಯ ಒಂದು ದಿನದ ಔಷಧಕ್ಕೆ ಸುಮಾರು 40 ದನಗಳ ಪಿತ್ತ ಬೇಕು ಅಂತ ಆಗ ಲೆಕ್ಕ ಹೇಳ್ತಿದ್ರು. ಬೆಲೆ ಎಷ್ಟು ಗೊತ್ತಾ? ಒಂದು ಗ್ರಾಂಗೆ 200 ಡಾಲರ್.

ಅದೇ ಕಾಲಕ್ಕೆ ಅಮೆರಿಕದ ಸರ್ಕಾರಿ ದರದಲ್ಲಿ ಚಿನ್ನ ಔನ್ಸ್‌ಗೆ 35 ಡಾಲರ್. ಒಂದು ಟ್ರಾಯ್ ಔನ್ಸ್ ಅಂದ್ರೆ 31 ಗ್ರಾಂ ಚಿಲ್ಲರೆ. ಭಾಗಿಸಿ ನೋಡಿ, ಚಿನ್ನ ಗ್ರಾಂಗೆ ಒಂದು ಡಾಲರ್ ಮತ್ತು ಸ್ವಲ್ಪ ಚಿಲ್ಲರೆ. ಕಾರ್ಟಿಸೋನ್ ಚಿನ್ನಕ್ಕಿಂತ 170 ಪಟ್ಟಿಗೂ ಹೆಚ್ಚು ತುಟ್ಟಿ! ನಮ್ಮ ಪಕ್ಕದ ಹಟ್ಟಿಯಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿದ್ದು 1947ರಲ್ಲಿ. ಅಲ್ಲಿ ಕಾರ್ಮಿಕರು ಸುರಂಗದಿಂದ ಮೇಲೆ ತರ್ತಿದ್ದ ಚಿನ್ನ, ಈ ಪುಡಿಯ ಮುಂದೆ ತೂಕಕ್ಕೆ ತೂಕ ಅಗ್ಗದ ಮಾಲು.

ಇವತ್ತು? ನನಗೆ ಹಾಕಿದ ಡೆಕ್ಸಾ ಸೀಸೆಯ ಬೆಲೆ ಎರಡು ಚಹಾ, ಒಂದು ಪ್ಲೇಟ್ ಮಿರ್ಚಿಯ ದುಡ್ಡಿನೊಳಗೆ. ಈ ಬೆಲೆ ಬೀಳದಿದ್ರೆ ದೊಡ್ಡವ್ವನ ಮೊಣಕಾಲಿಗೆ ಆ ಸೂಜಿ ತಿಂಗಳಿಗೆ ಮೂರು ಸಲ ಬರ್ತಾನೇ ಇರಲಿಲ್ಲ. ಹಂಗಾಗಿ ಬೆಲೆ ಹೆಂಗೆ ಬಿತ್ತು ಅನ್ನೋದು ಮುಖ್ಯ.

ಬೀಳಿಸಿದ್ದು ಒಂದು ಬೂಷ್ಟು. ಹೌದು, ಹಳಸಿದ ಬ್ರೆಡ್ ಮೇಲೆ ಕರ್ರಗೆ ಬರುತ್ತಲ್ಲ, ಅದರ ಜಾತಿಯದೇ. ಮೊದಲು ರಸೆಲ್ ಮಾರ್ಕರ್ ಅನ್ನೋ ವಿಜ್ಞಾನಿ ಮೆಕ್ಸಿಕೋದ ಕಾಡುಗೆಣಸಿನಿಂದ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನನ್ನು ಅಗ್ಗವಾಗಿ ಮಾಡೋ ದಾರಿ ಕಂಡುಹಿಡಿದಿದ್ರು. ಆದ್ರೆ ಅದನ್ನ ಕಾರ್ಟಿಸೋನ್ ಮಾಡಬೇಕಾದ್ರೆ ಒಂದು ನಿರ್ದಿಷ್ಟ ಜಾಗದಲ್ಲಿ ಒಂದು ಆಮ್ಲಜನಕದ ಪರಮಾಣು ಕೂರಿಸಬೇಕು. ರಸಾಯನ ಶಾಲೆಯಲ್ಲಿ ಅದು ಬಹಳ ಕಷ್ಟದ ಕೆಲಸ. 1950ರ ದಶಕದ ಶುರುವಿನಲ್ಲಿ ಅಪ್‌ಜಾನ್ ಕಂಪನಿಯ ಡ್ಯೂರಿ ಪೀಟರ್ಸನ್ ಮತ್ತು ಹರ್ಬರ್ಟ್ ಮರ್ರೆ ಆ ಕೆಲಸವನ್ನ ಒಂದು ಶಿಲೀಂಧ್ರಕ್ಕೆ ಒಪ್ಪಿಸಿದ್ರು. ರೈಜೋಪಸ್ ಅಂತ ಅದರ ಹೆಸರು. ಮನುಷ್ಯ ಹತ್ತಾರು ಹಂತದಲ್ಲಿ ಹೆಣಗಾಡ್ತಿದ್ದದ್ದನ್ನ ಆ ಬೂಷ್ಟು ಒಂದೇ ಹಂತದಲ್ಲಿ ಮಾಡಿ ಕೊಡ್ತು. ಕೆಲವೇ ವರ್ಷದಲ್ಲಿ ಗ್ರಾಂಗೆ 200 ಡಾಲರ್ ಇದ್ದದ್ದು ಆರು ಡಾಲರ್‌ಗೆ ಇಳೀತು.

ಈ ರೈಜೋಪಸ್ ಹೆಸರು ಒಂದು ಕಡೆ ಬರೆದಿಟ್ಕೊಳ್ಳಿ. ಈ ಕಥೆಯೊಳಗೆ ಅದು ಇನ್ನೊಂದು ಸಲ ಬರುತ್ತೆ, ಅದೂ ನಮ್ಮ ರಾಜ್ಯಕ್ಕೇ.

ಪವಾಡ ಮುಗಿದ ಮೇಲೆ

ಅಗ್ಗ ಆದ ತಕ್ಷಣ ಏನಾಯ್ತು? ಎಲ್ಲದಕ್ಕೂ ಅದೇ ಔಷಧ. ಕೀಲುನೋವು, ದಮ್ಮು, ಚರ್ಮದ ರೋಗ, ಕಣ್ಣು, ಎಲ್ಲಕ್ಕೂ. ತಿಂಗಳುಗಟ್ಟಲೆ, ದೊಡ್ಡ ದೊಡ್ಡ ಪ್ರಮಾಣದಲ್ಲಿ. ಅದಾದ ಮೇಲೆ ಒಂದೊಂದೇ ಕೆಡುಕು ಹೊರಗೆ ಬಂತು. ಮುಖ ಹುಣ್ಣಿಮೆ ಚಂದ್ರನಂಗೆ ಗುಂಡಗಾಗೋದು, ಶುಗರ್ ಏರೋದು, ಎಲುಬು ಪೊಳ್ಳಾಗೋದು, ಹೊಟ್ಟೆಯಲ್ಲಿ ಹುಣ್ಣು, ಚರ್ಮ ತೆಳ್ಳಗಾಗಿ ಕಲೆ ಬೀಳೋದು, ಕೆಲವರಿಗೆ ಬುದ್ಧಿ ಸ್ಥಿಮಿತ ತಪ್ಪೋದು. ಹೆಂಚ್ ತಂಡ ಮೊದಲೇ ಹೇಳಿತ್ತು: ಇದು ರೋಗ ಗುಣ ಮಾಡೋದಿಲ್ಲ, ಅದುಮಿ ಹಿಡಿಯುತ್ತೆ ಅಷ್ಟೇ, ನಿಲ್ಲಿಸಿದ್ರೆ ನೋವು ವಾಪಸ್ ಬರುತ್ತೆ ಅಂತ.

ಆ ಪಟ್ಟಿ ಓದ್ತಾ ನನಗೆ ಕೈ ತಣ್ಣಗಾಯ್ತು ರೀ. ಗುಂಡಗಿನ ಮುಖ, ಶುಗರ್, ಕೈಮೇಲೆ ಕಲೆ. 1950ರ ದಶಕದಲ್ಲಿ ಅಮೆರಿಕದವರು ಕಲಿತ ಪಾಠ, ಎಪ್ಪತ್ತು ವರ್ಷ ಆದ ಮೇಲೆ ನಮ್ಮ ಮನೆ ಕಟ್ಟೆ ಮೇಲೆ ಕೂತಿದೆ.

ಯಾಕೆ ಹಿಂಗಾಗುತ್ತೆ ಅನ್ನೋದನ್ನ ನಮ್ಮ ಕಡೆಯ ಲೆಕ್ಕದಲ್ಲಿ ಹೇಳ್ತೀನಿ. ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತಲ್ಲ, ಸಿಂಧನೂರು ಭತ್ತದ ಜೀವನಾಡಿ. ಗಾಯ ಆದಾಗ ನಮ್ಮ ದೇಹದೊಳಗೂ ಹಂಗೇ ಒಂದು ಕಾಲುವೆ ಹರಿಯುತ್ತೆ. ಒಡೆದ ಜೀವಕೋಶಗಳ ಪೊರೆಯಿಂದ ಒಂದು ಕೊಬ್ಬಿನ ಆಮ್ಲ ಬಿಡುಗಡೆ ಆಗುತ್ತೆ, ಅದರಿಂದ ಪ್ರೊಸ್ಟಾಗ್ಲಾಂಡಿನ್ ಮತ್ತು ಇನ್ನೂ ಕೆಲವು ವಸ್ತು ತಯಾರಾಗ್ತವೆ. ಅವು ರಕ್ತನಾಳ ಹಿಗ್ಗಿಸಿ ನೀರು ಹೊರಗೆ ಸೋರೋ ಹಂಗೆ ಮಾಡ್ತವೆ. ಅದೇ ಬಾವು. ಅದೇ ನೋವು. ನಾವು ನುಂಗೋ ಐಬುಪ್ರೊಫೆನ್ ತರದ ನೋವಿನ ಗುಳಿಗೆ ಕೆಳಗಿನ ಒಂದು ತೂಬು ಮುಚ್ಚುತ್ತೆ. ಸ್ಟೀರಾಯ್ಡ್ ಹಂಗಲ್ಲ. ಅದು ಮೇಲೆ ಹೋಗಿ ಮುಖ್ಯ ಗೇಟನ್ನೇ ಇಳಿಸುತ್ತೆ.

ಒಂದು ದಿನ, ಎರಡು ದಿನ ಗೇಟ್ ಇಳಿಸಿದ್ರೆ ಹೊಲಕ್ಕೆ ಏನೂ ಆಗಲ್ಲ. ಪ್ರವಾಹ ಬಂದಾಗ ಇಳಿಸಲೇಬೇಕು. ಆದ್ರೆ ತಿಂಗಳುಗಟ್ಟಲೆ ಇಳಿಸಿ ಕೂತ್ರೆ? ಕೊನೆ ಭಾಗದ ರೈತ ಏನಾಗ್ತಾನೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೋಂಕಿನ ವಿರುದ್ಧ ಹೋರಾಡೋ ಶಕ್ತಿ, ಎಲುಬಿನ ಪೋಷಣೆ, ಸಕ್ಕರೆಯ ಹಿಡಿತ, ಎಲ್ಲದಕ್ಕೂ ಪೆಟ್ಟು. ಇನ್ನೊಂದು ಅಪಾಯ ಏನಂದ್ರೆ, ಹೊರಗಿನಿಂದ ದಿನಾ ಬರ್ತಿದ್ರೆ ನಮ್ಮ ಅಡ್ರಿನಲ್ ಗ್ರಂಥಿ 'ನನಗಿನ್ನೇನು ಕೆಲಸ' ಅಂತ ತನ್ನ ಉತ್ಪಾದನೆ ನಿಲ್ಲಿಸುತ್ತೆ. ಆಮೇಲೆ ಒಮ್ಮೆಲೇ ಸೂಜಿ ಬಿಟ್ರೆ ದೇಹದೊಳಗೆ ಎರಡೂ ಇರಲ್ಲ. ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ ಆಗಬಹುದು.

ಹಲ್ಲಿನ ಡಾಕ್ಟರ್‌ಗಳು ಕಲಿತ ಪಾಠ

ಈಗ ಹಲ್ಲಿಗೆ ವಾಪಸ್ ಬರೋಣ. ಯಾಕಂದ್ರೆ ಪವಾಡ ಬಿದ್ದ ಮೇಲೂ ಈ ಔಷಧಕ್ಕೆ ಸರಿಯಾದ ಜಾಗ ಹುಡುಕಿದವರಲ್ಲಿ ದಂತವೈದ್ಯರೂ ಇದ್ದಾರೆ.

1948 ಇನ್ನೊಂದು ಕಾರಣಕ್ಕೂ ಮುಖ್ಯ. ಆ ವರ್ಷದ ಮಾರ್ಚ್‌ನಲ್ಲಿ ಭಾರತದಲ್ಲಿ ದಂತವೈದ್ಯರ ಕಾಯ್ದೆ ಬಂತು. ಯಾರು ಹಲ್ಲಿನ ಡಾಕ್ಟರ್, ಯಾರು ಅಲ್ಲ ಅನ್ನೋದಕ್ಕೆ ಮೊದಲ ಸಲ ದೇಶಕ್ಕೆಲ್ಲ ಒಂದು ನಿಯಮ. ಅಲ್ಲಿ ತನಕ ಸಂತೆಯಲ್ಲಿ ಚಾಪೆ ಹಾಸಿ ಇಕ್ಕಳ ಹಿಡಿದು ಕೂತವನೂ ಹಲ್ಲಿನ ಡಾಕ್ಟರೇ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಶುರುವಾದದ್ದು 1958ರಲ್ಲಿ. ಡೆಕ್ಸಾಮೆಥಾಸೋನ್ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದೂ ಅದೇ 1958ರಲ್ಲಿ. ನಾವು ಬಾಯಲ್ಲಿ ಡೆಕ್ಸಾ ಅನ್ನೋದು ಇದಕ್ಕೇ. ನಮ್ಮ ದೇಹ ತಾನೇ ಮಾಡೋ ಕಾರ್ಟಿಸೋಲ್‌ಗಿಂತ ಬಾವು ಇಳಿಸೋದ್ರಲ್ಲಿ ಸುಮಾರು 25 ಪಟ್ಟು ಬಲ. ಹಳೇ ಕಾರ್ಟಿಸೋನ್ ತರ ಮೈಯಲ್ಲಿ ಉಪ್ಪು ನೀರು ನಿಲ್ಲಿಸೋ ಗುಣ ಬಹಳ ಕಮ್ಮಿ. ಒಂದು ಸಲ ಕೊಟ್ರೆ ಅದರ ಪರಿಣಾಮ ಒಂದೂವರೆ ಎರಡು ದಿನ ಉಳಿಯುತ್ತೆ.

ಈ ಕೊನೇ ಮಾತು ಬುದ್ಧಿಹಲ್ಲಿಗೆ ಹೇಳಿ ಮಾಡಿಸಿದಂಗಿದೆ. ಅಡ್ಡ ಮಲಗಿದ ಹಲ್ಲು ತೆಗೆದ ಮೇಲೆ ಬಾವು ಒಮ್ಮೆಲೇ ಬರಲ್ಲ. ಏರ್ತಾ ಏರ್ತಾ ಎರಡು ಮೂರನೇ ದಿನಕ್ಕೆ ತುದಿ ಮುಟ್ಟುತ್ತೆ. ಆಮೇಲೆ ತಾನಾಗೇ ಇಳಿಯುತ್ತೆ. ಜೊತೆಗೆ ಅಗಿಯೋ ಸ್ನಾಯು ಬಿಗಿದು ಬಾಯಿ ಎರಡು ಬೆರಳೂ ತೆರೆಯಲ್ಲ. ಅಂದ್ರೆ ತಡೀಬೇಕಾದದ್ದು ಬರೀ ಎರಡು ಮೂರು ದಿನದ ಪ್ರವಾಹ. ಗೇಟ್ ಇಳಿಸಬೇಕಾದದ್ದೂ ಅಷ್ಟೇ ಹೊತ್ತು.

1950ರ ದಶಕದಲ್ಲೇ ಬಾಯಿಯ ಶಸ್ತ್ರಚಿಕಿತ್ಸೆಯಲ್ಲಿ ಹೈಡ್ರೋಕಾರ್ಟಿಸೋನ್ ಬಳಸಿ ನೋಡಿದವರಿದ್ರು. 60, 70ರ ದಶಕದಲ್ಲಿ ಡೆಕ್ಸಾದ ಸರದಿ. ಅನುಮಾನಗಳೂ ಇದ್ದವು. ಸೋಂಕು ಹೆಚ್ಚಾದ್ರೆ? ಗಾಯ ಮಾಯೋದು ತಡ ಆದ್ರೆ? ಅದಕ್ಕೇ ದಶಕಗಳ ಕಾಲ ಅಳೆದು ಅಳೆದು ನೋಡಿದ್ರು.

ಅಳತೆ ಹೆಂಗೆ ಮಾಡ್ತಾರೆ ಅನ್ನೋದು ನನಗೆ ಬಹಳ ಇಷ್ಟ ಆಯ್ತು. ದೊಡ್ಡ ಯಂತ್ರ ಏನೂ ಬೇಡ. ನಮ್ಮ ಟೇಲರ್ ಅಂಗಿಗೆ ಅಳತೆ ತಗೊಳ್ಳೋ ಹಂಗೆ ಒಂದು ಟೇಪ್. ಕಿವಿಯ ಮುಂದಿನ ಚಿಕ್ಕ ದಿಂಡಿನಿಂದ ಬಾಯಿಯ ಮೂಲೆ ತನಕ ಒಂದು ಅಳತೆ. ಅದೇ ಕಿವಿಯಿಂದ ಗದ್ದದ ತುದಿ ತನಕ ಒಂದು. ಕಣ್ಣಿನ ಹೊರ ಮೂಲೆಯಿಂದ ದವಡೆಯ ಮೂಲೆ ತನಕ ಇನ್ನೊಂದು. ಹಲ್ಲು ತೆಗೆಯೋ ಮುಂಚೆ ಒಮ್ಮೆ, ತೆಗೆದ ಮೇಲೆ ಎರಡನೇ ದಿನ, ಏಳನೇ ದಿನ ಒಮ್ಮೆ. ಬಾಯಿ ತೆರೆಸಿ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಎಷ್ಟು ಮಿಲಿಮೀಟರ್ ಅಂತ ಸ್ಕೇಲ್ ಇಡೋದು. ಅರ್ಧ ಜನಕ್ಕೆ ಸ್ಟೀರಾಯ್ಡ್, ಅರ್ಧ ಜನಕ್ಕೆ ಇಲ್ಲ. ಆಮೇಲೆ ತಾಳೆ ನೋಡೋದು. ನಮ್ಮ ರಾಜ್ಯದ ಡೆಂಟಲ್ ಕಾಲೇಜುಗಳಲ್ಲೂ ಎಂಡಿಎಸ್ ಓದೋರು ಇದೇ ವಿಷಯದ ಮೇಲೆ ಪ್ರಬಂಧ ಮಾಡಿದ್ದಾರೆ. ಡೆಕ್ಸಾವನ್ನ ಜೋಮು ಹಿಡಿಸೋ ಲಿಗ್ನೋಕೇನ್ ಜೊತೆಗೇ ಬೆರೆಸಿ ಒಂದೇ ಸೂಜಿಯಲ್ಲಿ ಕೊಡೋ 'ಟ್ವಿನ್ ಮಿಕ್ಸ್' ಅನ್ನೋ ವಿಧಾನವನ್ನ ಭಾರತದ ವೈದ್ಯರೇ ಪರೀಕ್ಷೆ ಮಾಡಿ ಬರೆದಿದ್ದಾರೆ.

ಈ ಎಲ್ಲ ಅಳತೆಯಿಂದ ಏನು ಸಿಕ್ತು? 2008ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟು ಮಾಡಿ ಒಂದು ವಿಮರ್ಶೆ ಬಂತು. ಮೊದಲ ಕೆಲವು ದಿನ ಬಾವು ಕಮ್ಮಿ, ಬಾಯಿ ಹೆಚ್ಚು ತೆರೆಯುತ್ತೆ ಅನ್ನೋದು ಅದರ ತಾತ್ಪರ್ಯ. ನೋವಿನ ಮೇಲಿನ ಪರಿಣಾಮ ಅಷ್ಟು ಖಚಿತ ಇಲ್ಲ. ಹಂಗಾಗಿ ನೋವಿನ ಗುಳಿಗೆ ಬೇಕೇ ಬೇಕು. ಸಾಮಾನ್ಯವಾಗಿ ಕೊಡೋದು 4 ಅಥವಾ 8 ಮಿಲಿಗ್ರಾಂ. 4ರಿಂದ 8ಕ್ಕೆ ಏರಿಸಿದ್ರೆ ಲಾಭ ಎರಡು ಪಟ್ಟು ಆಗೋದಿಲ್ಲ ಅಂತ ಕಂಡುಕೊಂಡ ಅಧ್ಯಯನವೂ ಇದೆ. ನಮ್ಮ ವ್ಯಾಪಾರದ ಭಾಷೆಯಲ್ಲಿ ಹೇಳಬೇಕಂದ್ರೆ, ಹೆಚ್ಚು ಬಂಡವಾಳ ಹಾಕಿದ ಮಾತ್ರಕ್ಕೆ ಹೆಚ್ಚು ಲಾಭ ಇಲ್ಲ.

ಇನ್ನೂ ಒಂದು ಮಾತು. ನೆಟ್ಟಗಿರೋ ಹಲ್ಲು ಸಲೀಸಾಗಿ ಕಿತ್ತು ಬಂದ್ರೆ ಈ ಸೂಜಿ ಬೇಕಾಗೋದೇ ಇಲ್ಲ. ಎಲುಬು ಕೊರೆಯೋ ಅಂಥ ಶಸ್ತ್ರಚಿಕಿತ್ಸೆ ಇದ್ದಾಗ ಡಾಕ್ಟರ್ ಯೋಚನೆ ಮಾಡಿ ಕೊಡೋದು. ಶುಗರ್ ಇದ್ದವರಿಗೆ ಒಂದೇ ಸೂಜಿಯಿಂದಲೂ ಒಂದೆರಡು ದಿನ ಸಕ್ಕರೆ ಏರಬಹುದು. ಟಿಬಿ, ಹೊಟ್ಟೆ ಹುಣ್ಣು, ಬೇರೆ ಸೋಂಕು ಇದ್ರೆ ಮೊದಲೇ ಹೇಳಬೇಕು.

ಬೂಷ್ಟು ವಾಪಸ್ ಬಂತು

ರೈಜೋಪಸ್ ಅಂದಿದ್ದೆ, ನೆನಪಿದೆಯಾ?

2020ರ ಜೂನ್ 16. ಕೊರೊನಾ ಸಾವು ಕಮ್ಮಿ ಮಾಡುತ್ತೆ ಅಂತ ಸಾಬೀತಾದ ಔಷಧ ಇಲ್ಲದ ಕಾಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ತನ್ನ 'ರಿಕವರಿ' ಪ್ರಯೋಗದ ಫಲಿತಾಂಶ ಹೇಳ್ತು. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾ, ಹೆಚ್ಚಂದ್ರೆ 10 ದಿನ. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಮೂರರಲ್ಲಿ ಒಂದು ಭಾಗ ಕಮ್ಮಿ ಆಯ್ತು. ನಮ್ಮ ಮಿರ್ಚಿ ದುಡ್ಡಿನ ಔಷಧ ಜಗತ್ತಿನ ಸುದ್ದಿ ಆಯ್ತು. ಆದ್ರೆ ಅದೇ ಫಲಿತಾಂಶದ ಎರಡನೇ ಸಾಲು ಬಹಳ ಜನ ಓದಲಿಲ್ಲ. ಆಕ್ಸಿಜನ್ ಬೇಕಾಗದ ರೋಗಿಗಳಿಗೆ ಇದರಿಂದ ಏನೂ ಲಾಭ ಇರಲಿಲ್ಲ.

2021ರ ಎರಡನೇ ಅಲೆಯಲ್ಲಿ ಏನಾಯ್ತು ಅಂತ ನೀವೇ ನೋಡಿದ್ದೀರಿ. ಬೇಕಾದವರಿಗೂ ಡೆಕ್ಸಾ, ಬೇಡದವರಿಗೂ ಡೆಕ್ಸಾ. ವಾಟ್ಸಾಪ್‌ನಲ್ಲಿ ಬಂದ ಚೀಟಿ ನೋಡಿ ಮೆಡಿಕಲ್ ಶಾಪ್‌ನಿಂದ ತಂದವರಿದ್ರು. ಆಮೇಲೆ ಕಪ್ಪು ಶಿಲೀಂಧ್ರ. ಮೂಗು, ಕಣ್ಣು, ಮೇಲ್ದವಡೆ ಕೊಳೆಯೋ ರೋಗ. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಅದನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಅಂತ ಘೋಷಿಸೋಕೆ ಹೇಳ್ತು. ಜೂನ್ ಕೊನೆಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಪ್ರಕರಣ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸ್ಟೀರಾಯ್ಡ್ ತಗೊಂಡವರು, ಹೆಚ್ಚಿನವರು ಶುಗರ್ ಇದ್ದವರು.

ಆ ರೋಗ ತರೋ ಮುಖ್ಯ ಶಿಲೀಂಧ್ರ ಯಾವುದು ಗೊತ್ತಾ? ರೈಜೋಪಸ್. 1950ರ ದಶಕದಲ್ಲಿ ಸ್ಟೀರಾಯ್ಡ್ ಅಗ್ಗ ಮಾಡಿದ ಅದೇ ಕುಲದ ಬೂಷ್ಟು. ಸ್ಟೀರಾಯ್ಡ್ ಹೆಚ್ಚಾಗಿ, ಸಕ್ಕರೆ ಏರಿ, ದೇಹದ ಕಾವಲು ಸಡಿಲಾದ ಜಾಗದಲ್ಲಿ ಅದು ಬಂದು ಕೂತ್ಕೊಳ್ತು. ಕೊಳೆತ ದವಡೆ ಕೊಯ್ದು ತೆಗೆದವರಲ್ಲಿ ಬಾಯಿ ಮತ್ತು ದವಡೆಯ ಶಸ್ತ್ರವೈದ್ಯರೂ ಇದ್ರು. ಅಂದ್ರೆ ನಮಗೆ ಬುದ್ಧಿಹಲ್ಲು ತೆಗೆಯೋ ವಿಭಾಗದವರೇ. 4 ಮಿಲಿಗ್ರಾಂ ಒಂದೇ ಸಲ ಅಂತ ಅಳೆದು ಕೊಡೋ ಕೈಗಳೇ, ಅಳತೆ ತಪ್ಪಿದ್ರೆ ಏನಾಗುತ್ತೆ ಅನ್ನೋದನ್ನೂ ಮುಟ್ಟಿ ನೋಡಿದ್ವು.

ದೊಡ್ಡವ್ವನ ಲೆಕ್ಕ

ಇಷ್ಟೆಲ್ಲ ಓದಿ ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ಸೀದಾ ಹೋಗಿ 'ದೊಡ್ಡವ್ವ, ಆ ಸೂಜಿ ವಿಷ, ಇವತ್ತೇ ಬಿಡು' ಅಂದೆ.

ಆಕೆ ಒಂದೇ ಮಾತು ಹೇಳಿದಳು. 'ಬಿಟ್ರ ಹೊಲಕ್ಕ ನೀ ಹೋಗ್ತೀಯೇನು?'

ನನ್ನ ಹತ್ರ ಉತ್ತರ ಇರಲಿಲ್ಲ. ಆಕೆ ದಡ್ಡಿ ಅಲ್ಲ. ಆಕೆಯೂ ಲೆಕ್ಕ ಹಾಕಿದ್ದಾಳೆ. ಒಂದು ಸೂಜಿಗೆ ಇಷ್ಟು, ಒಂದು ದಿನದ ಕೂಲಿ ತಪ್ಪಿದ್ರೆ ಇಷ್ಟು. ಆ ಲೆಕ್ಕದಲ್ಲಿ ಸೂಜಿಯೇ ಅಗ್ಗ. ಐದು ವರ್ಷದ ನಂತರ ಬರೋ ಬಿಲ್ ಮಾತ್ರ ಆ ಚೀಟಿಯಲ್ಲಿ ಇರಲ್ಲ, ಅದನ್ನ ಯಾರೂ ಆಕೆಗೆ ತೋರಿಸಿಲ್ಲ. ಡೆಕ್ಸಾ ಶೆಡ್ಯೂಲ್ ಹೆಚ್ ಔಷಧ, ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರೋ ಹಂಗಿಲ್ಲ ಅಂತ ಕಾನೂನು ಹೇಳುತ್ತೆ. ಕಾನೂನು ಹೇಳೋದು ಬೇರೆ, ಊರಿನ ಅಗಸೆ ದಾಟಿ ಒಳಗೆ ಬರೋದು ಬೇರೆ.

ಮತ್ತೆ ಆಮೇಲೆ ಗೊತ್ತಾಯ್ತು, 'ಇವತ್ತೇ ಬಿಡು' ಅನ್ನೋದು ಎಷ್ಟು ಅಪಾಯದ ಮಾತು ಅಂತ. ಅಡ್ರಿನಲ್ ಗ್ರಂಥಿ ಮಲಗಿರುತ್ತಲ್ಲ. ಹಂಗಾಗಿ ತಾಲೂಕು ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಅಲ್ಲಿನ ಡಾಕ್ಟರ್ ಬೈಯಲಿಲ್ಲ, ಅದು ಬಹಳ ದೊಡ್ಡದು. ಎಷ್ಟು ದಿನದಿಂದ, ಎಷ್ಟು ಸಲ ಅಂತ ಸಮಾಧಾನದಿಂದ ಕೇಳಿ ಬರೆದುಕೊಂಡ್ರು. ರಕ್ತ ಪರೀಕ್ಷೆ ಮಾಡಿಸಿದ್ರು. ಗುಳಿಗೆ ಕೊಟ್ಟು, ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸ್ತಾ ಬಂದ್ರು. ಮೊಣಕಾಲಿಗೆ ಬೇರೆ ಔಷಧ, ತೊಡೆಯ ಸ್ನಾಯು ಗಟ್ಟಿ ಆಗೋ ವ್ಯಾಯಾಮ. ಈಗ ಮುಖದ ಗುಂಡಗು ಸ್ವಲ್ಪ ಇಳಿದಿದೆ. ಶುಗರ್ ಗುಳಿಗೆ ಇನ್ನೂ ಇದೆ. ಮೊಣಕಾಲು ನೋವು ಇನ್ನೂ ಇದೆ. ಹೊಲಕ್ಕೆ ಮೊದಲಿನಂಗೆ ದಿನಾ ಹೋಗೋಕೆ ಆಗ್ತಿಲ್ಲ, ಅದಕ್ಕೆ ಬೇಜಾರಿದೆ. ಎಲ್ಲ ಸರಿಹೋಯ್ತು ಅಂತ ಸುಳ್ಳು ಹೇಳಲ್ಲ.

ಈ ಇತಿಹಾಸದಿಂದ ನಾನು ತಗೊಂಡದ್ದು ಇಷ್ಟೇ. ಸ್ಟೀರಾಯ್ಡ್ ಅಂದ ಕೂಡಲೇ ಓಡಬೇಕಾಗಿಲ್ಲ. ನನ್ನ ಗಲ್ಲ ಉಳಿಸಿದ್ದು ಅದೇ, ವೆಂಟಿಲೇಟರ್ ಮೇಲಿದ್ದ ಎಷ್ಟೋ ಜನರ ಜೀವ ಉಳಿಸಿದ್ದೂ ಅದೇ. ಮೊದಲ ಪವಾಡ ಬಿದ್ದದ್ದು ಔಷಧ ಕೆಟ್ಟದ್ದು ಅಂತಲ್ಲ, ಎಷ್ಟು ಮತ್ತು ಎಷ್ಟು ದಿನ ಅಂತ ಯಾರೂ ಕೇಳದೇ ಇದ್ದದ್ದಕ್ಕೆ. ಬುದ್ಧಿಹಲ್ಲಿನ ಆ ಪುಟ್ಟ ಸೂಜಿ ಆ ಎರಡು ಪ್ರಶ್ನೆ ಕೇಳಿ ಕಲಿತದ್ದರ ಫಲ.

ಹಂಗಾಗಿ ನಿಮಗೂ ಒಂದು ಕೆಲಸ. ಮುಂದಿನ ಸಲ ನಿಮಗೋ, ನಿಮ್ಮ ಅವ್ವನಿಗೋ, ಅಜ್ಜನಿಗೋ ಯಾರಾದ್ರೂ ಸೂಜಿ ಹಾಕೋ ಮುಂಚೆ ಮೂರು ಮಾತು ಕೇಳಿ. ಇದರ ಹೆಸರೇನ್ರಿ? ಯಾಕ್ರಿ? ಎಷ್ಟು ಸಲ ಹಾಕ್ತೀರಿ? ಸೀಸೆಯ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಕೊಳ್ಳಿ. ಒಳ್ಳೇ ಡಾಕ್ಟರ್ ಯಾರೂ ಇದಕ್ಕೆ ಸಿಟ್ಟಾಗಲ್ಲ. ಮನೆಯಲ್ಲಿ ಯಾರಾದ್ರೂ ಬಹಳ ದಿನದಿಂದ ತಗೊಳ್ತಿದ್ರೆ ನನ್ನಂಗೆ 'ಇವತ್ತೇ ಬಿಡು' ಅನ್ನಬೇಡಿ. ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.

ಈ ಸಂಚಿಕೆಯನ್ನ ದೊಡ್ಡವ್ವನಿಗೆ ಸ್ಪೀಕರ್‌ನಲ್ಲಿ ಹಚ್ಚಿ ಕೇಳಿಸಿದೆ. ಪೂರ್ತಿ ಕೇಳಿ, 'ನನ್ನ ಹೆಸರು ಹೇಳಿಲ್ಲಲ್ಲ, ಛಲೋ ಮಾಡಿದಿ' ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, 'ಪಕ್ಕದ ಮನಿಯಾಕಿಗೂ ಇದನ್ನ ಕಳಿಸು, ಆಕೀನೂ ಹಾಕಿಸಿಕೊಳ್ತಾಳ' ಅಂದಳು.

ಕಳಿಸಿದ್ದೀನಿ. ನೀವೂ ಕಳಿಸ್ರಿ.